ಇಬ್ಬರು ಸ್ನೇಹಿತರ ಕಾಗದಗಳು

ಮಂತ್ರಾಲಯಕ್ಕೆ ಹೋಗಿ ಬಂದವರಿಗೆಲ್ಲ ಮನ್ರೋ ಸಾಹೇಬನ ಹೆಸರು ಗೊತ್ತಿರುತ್ತದೆ. ಬಳ್ಳಾರಿ ಸೀಮೆಯ ಕಲೆಕ್ಟರನಾಗಿದ್ದವನು, ಮಠದ ಭೂಮಿಯ ತಕರಾರು ವಿಚಾರಿಸಲು ಬಂದು ಬೂಟು ಕಳಚಿ ಬೃಂದಾವನದ ಮುಂದೆ ನಿಂತನಂತೆ. ರಾಯರು ಅವನೊಬ್ಬನಿಗೇ ಕಾಣಿಸಿಕೊಂಡು ಮಾತಾಡಿದರಂತೆ, ಮಂತ್ರಾಕ್ಷತೆ ಕೊಟ್ಟರಂತೆ. ಈ ಕಥೆ ಹೇಳದ ಅಜ್ಜಿಯರು ನಮ್ಮ ಕಡೆ ಕಡಿಮೆ. ಆ ಮನ್ರೋ ಕಾಗದ ಬರೆಯುವುದರಲ್ಲಿ ಎತ್ತಿದ ಕೈ ಎಂಬುದು ಮಾತ್ರ ನನಗೆ ತಿಳಿದದ್ದು ತಲೆಗೂದಲು ಬೆಳ್ಳಗಾದ ಮೇಲೆ. ಅವನು ಯಾರಿಗೆ ಬರೆಯುತ್ತಿದ್ದ, ಯಾರಿಂದ ಕಾಗದ ಬರುತ್ತಿತ್ತು ಎಂದು ನೋಡುತ್ತ ಹೋದರೆ ನಮ್ಮ ಹರಿಹರವೇ ಎದುರಿಗೆ ಬಂತು. ಚನ್ನಗಿರಿಯೂ ಬಂತು. ಅದಕ್ಕೇ ಈ ಬರಹ.

ಥಾಮಸ್ ಮನ್ರೋ ತೀರಿಕೊಂಡದ್ದು 1827ರಲ್ಲಿ, ಪತ್ತಿಕೊಂಡದಲ್ಲಿ, ಕಾಲರಾ ಬಂದು. ಆಗ ಅವನು ಮದರಾಸಿನ ಗವರ್ನರ್. ಮೂರು ವರ್ಷದ ಮೇಲೆ, 1830ರಲ್ಲಿ, ಗ್ಲೀಗ್ ಎಂಬ ಪಾದ್ರಿ ಅವನ ಜೀವನಚರಿತ್ರೆ ಬರೆದು, ಅದರಲ್ಲಿ ಅವನ ಕಾಗದಗಳನ್ನು ಧಾರಾಳವಾಗಿ ಅಚ್ಚು ಹಾಕಿಸಿದ. ಸ್ನೇಹಿತ ಆರ್ಥರ್ ವೆಲ್ಲೆಸ್ಲಿಯ ಕಾಗದಗಳನ್ನು ಗರ್‌ವುಡ್ ಎಂಬ ಸೇನಾಧಿಕಾರಿ 1834ರಿಂದ ಸಂಪುಟ ಸಂಪುಟವಾಗಿ ತಂದ. ವೆಲ್ಲೆಸ್ಲಿ ಎಂದರೆ ಮುಂದೆ 1815ರಲ್ಲಿ ವಾಟರ್ಲೂ ಯುದ್ಧ ಗೆದ್ದು ಹೆಸರಾದ ಡ್ಯೂಕ್ ಆಫ್ ವೆಲಿಂಗ್ಟನ್ ಅವನೇ. ನಮ್ಮ ಅಕ್ಕನ ಮಗ ಈ ಹಳೆಯ ಸಂಪುಟಗಳಲ್ಲಿ ನಮ್ಮ ಸೀಮೆಗೆ ಸಂಬಂಧಪಟ್ಟ ಪುಟಗಳನ್ನು ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ತಂದುಕೊಟ್ಟ. ಒಂದು ಬೇಸಿಗೆ ರಜೆ ಪೂರ್ತಿ, ಸಂಡಿಗೆ ಹಪ್ಪಳದ ನಡುವೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ.

ಮೊದಲು ಎಡವಿದ್ದು ಹೆಸರುಗಳಲ್ಲಿ. ‘ಹರ್ರಿಹರ್’ ಎಂದರೆ ಹರಿಹರ, ‘ತೂಂಬುದ್ರ’ ಎಂದರೆ ತುಂಗಭದ್ರೆ, ‘ಮಾಲ್ಪೂರ್ಬಾ’ ಎಂದರೆ ಮಲಪ್ರಭೆ! ಎಂಟನೇ ತರಗತಿಯ ಮಕ್ಕಳ ಉಕ್ತಲೇಖನ ತಿದ್ದಿದ ಅಭ್ಯಾಸವಿದ್ದುದರಿಂದ ಪಾರಾದೆ.

1800ರಲ್ಲಿ ಮನ್ರೋಗೆ ಮೂವತ್ತೊಂಬತ್ತು, ವೆಲ್ಲೆಸ್ಲಿಗೆ ಮೂವತ್ತೊಂದು. ವಯಸ್ಸಿನಲ್ಲಿ ಮನ್ರೋ ದೊಡ್ಡವನು, ದರ್ಜೆಯಲ್ಲಿ ವೆಲ್ಲೆಸ್ಲಿ ದೊಡ್ಡವನು. ಮೇಲಾಗಿ ಗವರ್ನರ್ ಜನರಲ್ಲನ ತಮ್ಮ. ಮನ್ರೋ ಗ್ಲಾಸ್ಗೋದ ವ್ಯಾಪಾರಿಯ ಮಗ. 1780ರಲ್ಲಿ ಕೆಡೆಟ್ ಆಗಿ ಮದರಾಸಿಗೆ ಬಂದವನು. ಹಸಿವು, ಬಡತನ, ದಣಿವು ಎಂದರೇನೆಂದು ಇಂಡಿಯಾಕ್ಕೆ ಬರುವ ತನಕ ತನಗೆ ತಿಳಿದಿರಲಿಲ್ಲ ಎಂದು ಮನೆಗೆ ಬರೆದಿದ್ದ. ಇಂಡಿಯಾ ಎಂದರೆ ಹೊನ್ನಿನ ಮಳೆ ಎಂದುಕೊಂಡಿದ್ದ ಅವರ ಮನೆಯವರಿಗೆ ಆ ಕಾಗದ ಕಹಿಯಾಗಿಯೇ ಇದ್ದೀತು. ಶ್ರೀರಂಗಪಟ್ಟಣ 1799ರ ಮೇ 4ರಂದು ಬಿದ್ದ ಮೇಲೆ ಒಬ್ಬನಿಗೆ ಮೈಸೂರಿನ ಸೇನೆಯ ಹೊಣೆ, ಇನ್ನೊಬ್ಬನಿಗೆ ಕೆನರಾ ಜಿಲ್ಲೆಯ ಕಂದಾಯದ ಹೊಣೆ. ಒಬ್ಬ ಘಟ್ಟದ ಮೇಲೆ, ಒಬ್ಬ ಘಟ್ಟದ ಕೆಳಗೆ. ನಡುವೆ ಟಪಾಲು.

ಇವರ ಕಾಗದಗಳಲ್ಲಿ ನನಗೆ ಮೊದಲು ಹಿಡಿಸಿದ್ದು ಸಲಿಗೆ. ಮನ್ರೋ ಮೇಲಿನವನೆಂದು ವೆಲ್ಲೆಸ್ಲಿಯನ್ನು ಹೊಗಳಿ ಬರೆಯುವುದಿಲ್ಲ. ವೆಲ್ಲೆಸ್ಲಿಯೂ ದರ್ಜೆಯನ್ನು ಮುಂದೆ ಮಾಡುವುದಿಲ್ಲ. 1803ರ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಮರಾಠರ ದೊಡ್ಡ ಸೈನ್ಯವನ್ನು ವೆಲ್ಲೆಸ್ಲಿ ಸೋಲಿಸಿದ. ಅವನ ಕಡೆಯೇ ಸತ್ತವರು, ಗಾಯಗೊಂಡವರು ಸೇರಿ ಸಾವಿರದ ಐನೂರಕ್ಕೂ ಹೆಚ್ಚು. ಗೆದ್ದ ಸುದ್ದಿಗೆ ಊರೆಲ್ಲ ಕೊಂಡಾಡುತ್ತಿರುವಾಗ ನವೆಂಬರ್ 1ರಂದು ಅವನು ಮನ್ರೋಗೆ ಕಾಗದ ಬರೆಯುತ್ತಾನೆ. ನೀನು ಯುದ್ಧ ಬಲ್ಲವನು, ನಿನ್ನ ಅಭಿಪ್ರಾಯ ನನ್ನ ಕಡೆಗಿರಬೇಕೆಂದು ಆಸೆ, ಆದ್ದರಿಂದ ನಡೆದದ್ದನ್ನೆಲ್ಲ ಹೇಳುತ್ತೇನೆ ಎಂದು ಶುರು ಮಾಡಿ, ದಂಡನ್ನು ಯಾಕೆ ಎರಡು ಭಾಗ ಮಾಡಿದೆ, ಇನ್ನೊಂದು ಭಾಗಕ್ಕೆ ಕಾಯದೆ ಯಾಕೆ ಮೇಲೆ ಬಿದ್ದೆ ಎಂದು ಒಂದೊಂದಾಗಿ ವಿವರಿಸುತ್ತಾನೆ. ಮನ್ರೋ ಮೆಚ್ಚುತ್ತಾನೆ. ಆದರೆ ದಂಡನ್ನು ಒಡೆದದ್ದರ ಬಗ್ಗೆ ತನ್ನ ಅನುಮಾನವನ್ನು ನುಂಗಿಕೊಳ್ಳುವುದಿಲ್ಲ. ಕೀರ್ತಿಯನ್ನು ಆದಷ್ಟು ಕಡಿಮೆ ಜನರ ಜೊತೆ ಹಂಚಿಕೊಳ್ಳೋಣ ಎಂದೇ ಹಾಗೆ ಮಾಡಿದೆಯೇನೋ ಎಂದು ಚುಚ್ಚುತ್ತಾನೆ ಕೂಡ. ಗೆದ್ದು ಬಂದವನಿಗೆ ಈ ಮಾತು ಹೇಳಬೇಕಾದರೆ ಸ್ನೇಹ ಗಟ್ಟಿಯಿರಬೇಕು. ಕೇಳಿಸಿಕೊಳ್ಳುವವನೂ ಗಟ್ಟಿಯಿರಬೇಕು. ನಮ್ಮ ಸಾಹಿತ್ಯದ ಮಂದಿ ಒಬ್ಬರ ಪುಸ್ತಕಕ್ಕೆ ಒಬ್ಬರು ಮುನ್ನುಡಿ ಬರೆಯುವಾಗ ಈ ಧೈರ್ಯ ತೋರಿಸಿದ್ದನ್ನು ನಾನಂತೂ ಕಂಡಿಲ್ಲ.

ಆ ವರ್ಷದ ಮರಾಠಾ ದಂಡಯಾತ್ರೆ ಹೊರಟಿದ್ದೇ ನಮ್ಮ ಹರಿಹರದಿಂದ. 1803ರ ಮಾರ್ಚ್ ಮೊದಲ ವಾರದಲ್ಲಿ ಮದರಾಸಿನ ಸೇನೆ ಅಲ್ಲಿ ಬೀಡುಬಿಟ್ಟಿತ್ತು. 9ರಂದು ವೆಲ್ಲೆಸ್ಲಿ ಹೊರಟು, 12ರಂದು ಹಾವನೂರಿನಲ್ಲಿ ಹೊಳೆ ದಾಟಿದ. ಹರಿಹರದಲ್ಲಿ ಆಗ ಸೇತುವೆ ಇಲ್ಲ. ಅದು ಆದದ್ದು 1868ರಲ್ಲಿ. ಆ ದಿನಗಳ ವೆಲ್ಲೆಸ್ಲಿಯ ಕಾಗದಗಳನ್ನು ಓದಿದರೆ ಯುದ್ಧಕ್ಕಿಂತ ಹೆಚ್ಚಾಗಿ ಸಂಸಾರದ ವಾಸನೆ ಹೊಡೆಯುತ್ತದೆ. ಅಕ್ಕಿ ಎಷ್ಟು, ಎತ್ತು ಎಷ್ಟು, ಎತ್ತಿಗೆ ಮೇವೆಲ್ಲಿ, ಹೊಳೆ ತುಂಬಿದರೆ ಹರಿಗೋಲು ಹೇಗೆ ಹೆಣೆಯಬೇಕು, ಅದಕ್ಕೆ ಎಷ್ಟು ಪದರ ತೊಗಲು ಹೊದಿಸಬೇಕು. ಅಮೃತಮಹಲಿನ ಎತ್ತುಗಳನ್ನು ಅವನು ಮೆಚ್ಚಿದಷ್ಟು ನಮ್ಮ ಜನವನ್ನು ಮೆಚ್ಚಿದ್ದು ನನಗೆ ಕಾಣಲಿಲ್ಲ. ಮುಂದೆ ಸ್ಪೇನ್, ಪೋರ್ಚುಗಲ್ಲುಗಳಲ್ಲಿ ಕಾದಾಡುವಾಗಲೂ ಆ ಎತ್ತುಗಳಿಲ್ಲವಲ್ಲ ಎಂದು ಹಲುಬಿದನಂತೆ. ಮದುವೆ ಮನೆಯ ಉಗ್ರಾಣದ ಜವಾಬ್ದಾರಿ ಹೊತ್ತ ಹೆಂಗಸರಿಗೆ ಈ ಪುಟಗಳು ಬೇಸರ ತರುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಗಂಡಸರು ಯುದ್ಧದ ಪುಟಗಳನ್ನೇ ಹುಡುಕಿ ಓದುತ್ತಾರೆ. ಗೆದ್ದದ್ದು ಉಗ್ರಾಣದಿಂದ ಎಂದು ಬರೆದವನಿಗೇ ಗೊತ್ತಿತ್ತು.

ಶೈಲಿಯಲ್ಲಿ ಇಬ್ಬರೂ ಬೇರೆ ಬೇರೆ. ವೆಲ್ಲೆಸ್ಲಿಯ ವಾಕ್ಯಗಳು ಒಣಗಿದ ಸೌದೆಯಂತೆ, ನೇರ. ಒಂದು ಮಾತು ಹೆಚ್ಚಿಲ್ಲ. ಮನ್ರೋದು ಹಾಗಲ್ಲ. ತಂಗಿ ಎರ್ಸ್ಕಿನ್‌ಗೆ ಬರೆಯುವಾಗ ಒಂದು ದನಿ, ಸ್ನೇಹಿತನಿಗೆ ಬರೆಯುವಾಗ ಇನ್ನೊಂದು. ತನ್ನನ್ನೇ ಗೇಲಿ ಮಾಡಿಕೊಳ್ಳುವುದು ಅವನಿಗೆ ಚೆನ್ನಾಗಿ ಬರುತ್ತದೆ. ಕೆನರಾದ ಮಳೆಗೆ ಬೇಸತ್ತು ಬರೆದ ಪುಟಗಳನ್ನು ನಮ್ಮ ಮಂಗಳೂರು, ಉಡುಪಿ ಕಡೆಯ ಸೊಸೆಯಂದಿರು ಓದಿ ನಗಬಹುದು. ಬರಹಗಾರನೆಂದು ನೋಡಿದರೆ ಮನ್ರೋಗೇ ನನ್ನ ವೋಟು.

ಕಾಗದ ಎಂದರೆ ಇದು ಎಂದು ಓದುತ್ತಿರುವಾಗಲೇ ನಮ್ಮ ಕಾಗದಗಳ ನೆನಪೂ ಬಂತು. ಮೂವತ್ತು ವರ್ಷದಿಂದ ನಾನು ತರಗತಿಯಲ್ಲಿ ಪತ್ರಲೇಖನ ಕಲಿಸುತ್ತಿದ್ದೇನೆ. ಬಲಗಡೆ ಊರು, ತಾರೀಖು. ತಂದೆಗಾದರೆ ತೀರ್ಥರೂಪು ಸಮಾನರಾದ, ತಾಯಿಗಾದರೆ ಮಾತೃಶ್ರೀಯವರ ಪಾದಾರವಿಂದಗಳಿಗೆ. ಇತ್ತ ಎಲ್ಲರೂ ಕ್ಷೇಮ, ಅತ್ತಲಿನ ಕ್ಷೇಮಕ್ಕೆ ಬರೆಯುತ್ತಿರುವುದು. ಒಕ್ಕಣೆ ಸರಿಯಿದ್ದರೆ ಅರ್ಧ ಅಂಕ ಗ್ಯಾರಂಟಿ. ಒಕ್ಕಣೆ ಮುಗಿದ ಮೇಲೆ ಏನು ಬರೆಯಬೇಕು ಎಂಬಲ್ಲಿ ಮಕ್ಕಳು ಪೆನ್ನು ಕಚ್ಚುತ್ತಾ ಕೂರುತ್ತವೆ. ಮಕ್ಕಳದೇನು, ದೊಡ್ಡವರೂ ಅಲ್ಲೇ ನಿಲ್ಲುತ್ತಿದ್ದರು. ಹೆಂಗಸರಾದರಂತೂ ಅಲ್ಲೇ ನಿಲ್ಲಿಸಬೇಕಾಗಿತ್ತು.

ಬಿ.ಎಡ್. ಓದುವಾಗ ನನಗೊಬ್ಬ ಗೆಳತಿ ಇದ್ದಳು. ಹಾಸ್ಟೆಲಿನ ಒಂದೇ ಕೋಣೆ, ಒಂದೇ ಲಾಟೀನು. ಪಾಠದ ಟಿಪ್ಪಣಿಗಿಂತ ವಾದವೇ ಹೆಚ್ಚು; ನಾನು ಒಂದು ಕಾದಂಬರಿ ಮೆಚ್ಚಿದರೆ ಅವಳು ಅದನ್ನು ಹರಿದು ಹಾಕುವಳು. ತುಂಗಭದ್ರೆಯ ಆಚೆ ದಡದ ಒಂದು ಊರಿಗೆ ಅವಳನ್ನು ಕೊಟ್ಟರು. ದಾವಣಗೆರೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ, ಅಷ್ಟೇ. ಆದರೆ ಅವಳ ಮನೆಗೆ ಬಂದ ಇನ್‌ಲ್ಯಾಂಡ್ ಲೆಟರನ್ನು ಮಾವನವರು ಒಡೆದು, ಪಡಸಾಲೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಅವರೇನು ಕೆಟ್ಟವರಲ್ಲ. ಆ ಮನೆಯ ಪದ್ಧತಿ ಹಾಗಿತ್ತು, ಅಷ್ಟೇ ಅಲ್ಲ, ಬಹಳ ಮನೆಗಳ ಪದ್ಧತಿಯೇ ಹಾಗಿತ್ತು. ಹೀಗಾಗಿ ನಮ್ಮ ಕಾಗದಗಳಲ್ಲಿ ಉಪ್ಪಿನಕಾಯಿ, ಮಳೆ, ಮಕ್ಕಳ ನೆಗಡಿ ಇವಷ್ಟೇ ಉಳಿದವು. ಈ ಸಲ ಉಪ್ಪಿನಕಾಯಿಗೆ ಖಾರ ಹೆಚ್ಚಾಗಿದೆ ಎಂದು ಅವಳು ಬರೆದರೆ ನಾನು ಅರ್ಥ ಮಾಡಿಕೊಳ್ಳಬೇಕು. ಎರಡು ಮೂರು ವರ್ಷಕ್ಕೆ ಅದೂ ನಿಂತಿತು. ಇಬ್ಬರಿಗೂ ಅಕ್ಷರ ಬರುತ್ತಿತ್ತು, ಅಂಚೆಚೀಟಿಗೆ ದುಡ್ಡೂ ಇತ್ತು. ಮನ್ರೋ, ವೆಲ್ಲೆಸ್ಲಿಯರಿಗೆ ಇದ್ದದ್ದು, ನಮಗಿಲ್ಲದ್ದು, ಕಾಗದವನ್ನು ತಾನೇ ಒಡೆದು ತಾನೊಬ್ಬನೇ ಓದುವ ಹಕ್ಕು. ಸಲಿಗೆಯ ಶೈಲಿ ಹುಟ್ಟುವುದು ಅಲ್ಲಿ. ಅವರ ಕಾಗದಗಳನ್ನು ಓದುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎಂದು ಮುಚ್ಚಿಟ್ಟುಕೊಂಡು ಪ್ರಯೋಜನವಿಲ್ಲ.

ಆದರೆ ಆ ಹಕ್ಕಿನಲ್ಲಿ ಅವರು ಬರೆದದ್ದೇನು? ಇಲ್ಲಿ ನಾನು 1800ನೇ ಇಸವಿಗೆ ಹಿಂದೆ ಹೋಗಬೇಕು. ಮೂರು ಕಾಗದಗಳ ಮಾತು ಹೇಳಬೇಕು.

ಧೋಂಡಿಯ ವಾಘ ನಮ್ಮ ಚನ್ನಗಿರಿಯವನು. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಚನ್ನಗಿರಿ ನಮಗೇ ಸೇರಿತು. ಈಗ ಅವನು ನಮ್ಮ ಜಿಲ್ಲೆಯ ಮನುಷ್ಯ ಎನ್ನಬಹುದು. ಮರಾಠಾ ಮನೆತನದಲ್ಲಿ ಹುಟ್ಟಿ, ಹೈದರಾಲಿಯ ಕುದುರೆ ದಂಡು ಸೇರಿ, ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣದ ಸೆರೆಮನೆ ಸೇರಿದ್ದ. ಕೋಟೆ ಬಿದ್ದ ದಿನ ಬಿಡುಗಡೆಯಾಗಿ, ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರನ್ನು ಕೂಡಿಸಿಕೊಂಡು ಶಿಕಾರಿಪುರ, ಬಿದನೂರು ಸೀಮೆಯಲ್ಲಿ ದಂಡು ಕಟ್ಟಿದ. ಎರಡು ಲೋಕಕ್ಕೂ ತಾನೇ ಒಡೆಯನೆಂದು ಬಿರುದು ಹಾಕಿಕೊಂಡ. ಅವನನ್ನು ವೀರನೆಂದು ಹಾಡುವ ಉದ್ದೇಶ ನನಗಿಲ್ಲ. ಅವನ ದಂಡು ಸುಲಿದದ್ದೂ ನಮ್ಮ ರೈತರನ್ನೇ. ಅವನನ್ನು ಹಿಡಿಯಲು ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಬಿದ ಹೊಳೆ ದಾಟಿ, ರಾಣೆಬೆನ್ನೂರು ಹಿಡಿದು, ಜುಲೈ 26ರಂದು ಡಂಬಳದ ಕೋಟೆ ಹತ್ತಿ, ಮುನವಳ್ಳಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಅವನ ಪಾಳೆಯದ ಒಂದು ಭಾಗದ ಮೇಲೆ ಬಿದ್ದ.

ಮೊದಲ ಕಾಗದ ಆಗಸ್ಟ್ 1ರದು, ಮನ್ರೋಗೆ. ಧೋಂಡಿಯನ ಸಾಮಾನು ಸರಂಜಾಮು, ಆರು ತೋಪು ವಶವಾದವು. ಸುಮಾರು ಐದು ಸಾವಿರ ಜನರನ್ನು ಮಲಪ್ರಭೆಗೆ ಅಟ್ಟಿದೆವು, ಮುಳುಗಿ ಸತ್ತರು ಎಂಬ ಸುದ್ದಿ. ಅದೇ ಉಸಿರಿನಲ್ಲಿ, ಅವನ ಕಡೆಯವರು ಒಬ್ಬೊಬ್ಬರೇ ಬಿಟ್ಟು ಹೋಗುತ್ತಿದ್ದಾರೆ, ಈ ಮೋಜು ಸದ್ಯಕ್ಕೆ ಅವರಿಗೆ ಅಷ್ಟು ರುಚಿಸುತ್ತಿಲ್ಲ ಎಂಬ ಅರ್ಥದ ಮಾತು. ಆ ಕಾಲದ ಪಾಳೆಯ ಎಂದರೆ ಬರೀ ಸಿಪಾಯಿಗಳಲ್ಲ. ಹೆಂಡಿರು, ಮಕ್ಕಳು, ಅಂಗಡಿಯವರು, ಹುಲ್ಲು ತರುವವರು, ಎತ್ತು ಹೊಡೆಯುವವರು. ಅದೇ ದಿನಗಳ ಅವನ ಇನ್ನೊಂದು ವರದಿಯಲ್ಲಿ ಸಿಕ್ಕಿದ್ದರ ಪಟ್ಟಿ ಇದೆ. ಆನೆ, ಒಂಟೆ, ಎತ್ತು, ಕುದುರೆ, ಆಮೇಲೆ ಹೆಂಗಸರು ಮಕ್ಕಳು. ಈ ಕ್ರಮದಲ್ಲಿ. ಶ್ರಾವಣದ ಮಲಪ್ರಭೆ ಹೇಗಿರುತ್ತದೆಂದು ನೋಡಿದವರು ಆ ಸಾಲನ್ನು ಓದಿ ಮುಂದೆ ಹೋಗುವುದು ಕಷ್ಟ.

ಎರಡನೆಯದು ಆಗಸ್ಟ್ 20ರದು. ಇದನ್ನು ನಾನು ಇಡೀ ಸಂಗ್ರಹದಲ್ಲೇ ಶ್ರೇಷ್ಠ ಎನ್ನುತ್ತೇನೆ. ಮನ್ರೋಗೆ ತುಂಗಭದ್ರೆಯಿಂದ ಕೃಷ್ಣೆಯವರೆಗೂ ಸೀಮೆಯನ್ನು ಕಂಪನಿಗೆ ಸೇರಿಸಿಕೊಳ್ಳಬೇಕೆಂಬ ಆಸೆ. ವೆಲ್ಲೆಸ್ಲಿ ಬೇಡವೆನ್ನುತ್ತಾನೆ. ನಮ್ಮ ಕೈಗೆ ಮೀರಿ ಹಬ್ಬಿದ್ದೇವೆ, ಹೊಸ ನಾಡು ಸೇರಿಸಿಕೊಂಡಂತೆಲ್ಲ ಅಲ್ಲಿ ಕಂದಾಯ ನೋಡುತ್ತಿದ್ದವರು, ದಂಡಿನಲ್ಲಿದ್ದವರು ಎಲ್ಲರೂ ಅನ್ನ ಕಳೆದುಕೊಳ್ಳುತ್ತಾರೆ, ಅವರೆಲ್ಲ ನಮಗೆ ಹಗೆಗಳಾಗುತ್ತಾರೆ ಎಂದು ತಿಳಿಹೇಳುತ್ತಾನೆ. ನೋಡಿ, ಧೋಂಡಿಯ ಯಾಕೆ ಹುಟ್ಟಿದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ. ಉತ್ತರ ಬರೆದವನು ಅವನನ್ನು ಬೆನ್ನಟ್ಟುತ್ತಿದ್ದವನೇ!

ಮೂರನೆಯದು ಸೆಪ್ಟೆಂಬರ್ 11ರದು. ಎರಡನೆಯದಕ್ಕೂ ಇದಕ್ಕೂ ನಡುವೆ ಇಪ್ಪತ್ತೆರಡು ದಿನ. ಹಿಂದಿನ ದಿನ ಕೋಣಗಲ್ಲಿನ ಬಳಿ ವೆಲ್ಲೆಸ್ಲಿ ತಾನೇ ಕುದುರೆ ದಂಡಿನ ಮುಂದೆ ನಿಂತು ನುಗ್ಗಿದ್ದ, ಧೋಂಡಿಯ ಸತ್ತಿದ್ದ. ಗೆಲುವಿನ ಸಂತೋಷದ ಕಾಗದ. ಹೆಣವನ್ನು ಗುರುತು ಹಿಡಿದು, ತೋಪಿನ ಗಾಡಿಯ ಮೇಲೆ ಕಟ್ಟಿ ಪಾಳೆಯಕ್ಕೆ ತಂದರು ಎಂಬ ವಿವರ. ಮನ್ರೋನ ಉತ್ತರವೋ, ಹಾಸ್ಯದ ಅಬ್ಬರ. ನೀನೂ ನಿನ್ನ ರಾಜಹತ್ಯೆಯ ದಂಡೂ ಅಡ್ಡ ಬರದಿದ್ದರೆ ಈ ಲೋಕದೊಡೆಯ ಕ್ರೂರ ಸುಲ್ತಾನರ ಹೊಸ ವಂಶವನ್ನೇ ಕಟ್ಟುತ್ತಿದ್ದ, ದೇವರ ಚಿತ್ತ ಬೇರೆ ಇತ್ತು, ಏನು ಮಾಡೋಣ ಎಂಬ ಧಾಟಿ. ಓದಿ ನನಗೆ ನಗು ಬಂತು. ನಿಜವಾಗಿಯೂ ಬಂತು. ಮನ್ರೋ ಅಷ್ಟು ಚೆನ್ನಾಗಿ ಬರೆಯುತ್ತಾನೆ. ಚನ್ನಗಿರಿಯ ಕೆರೆ ಏರಿಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಅದೇ ಸಾಲು ಮತ್ತೆ ನೆನಪಾಗಿ, ಈ ಸಲ ನಗು ಬರಲಿಲ್ಲ.

ಈ ಕಾಗದಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರು ಸಾಮಾನ್ಯವಾಗಿ ಮನ್ರೋನ ಹಾಸ್ಯ, ವೆಲ್ಲೆಸ್ಲಿಯ ವಿವೇಕ ಎಂದು ಬೇರೆ ಬೇರೆ ಹೊಗಳುತ್ತಾರೆ. ನನಗನ್ನಿಸುವುದು ಬೇರೆ. ಆಗಸ್ಟ್ 20ರಂದು ಅನ್ನ ಕಳೆದುಕೊಂಡವರ ಪಾಡು ವೆಲ್ಲೆಸ್ಲಿಗೆ ಕಾಣಿಸಿತು. ಅದು ಕಾಣಿಸಿದ್ದು ರಾಜ್ಯದ ಲೆಕ್ಕವಾಗಿ. ಆಗಸ್ಟ್ 1ರಂದು ಅದೇ ಜನ ಹೊಳೆಯಲ್ಲಿ ಮುಳುಗಿದ್ದು ಸ್ನೇಹಿತನ ಮುಂದೆ ಒಂದು ಚಟಾಕಿಯಾಯಿತು. ಒಬ್ಬನೇ ಮನುಷ್ಯ, ಒಂದೇ ಕೈ, ಒಬ್ಬನೇ ಸ್ನೇಹಿತನಿಗೆ. ಸಲಿಗೆ ಇಬ್ಬರ ನಡುವೆ ಬೆಳೆದಂತೆ, ಮೂರನೆಯವರು ಆಟದ ಕಾಯಿಗಳಾದರು. ಸ್ನೇಹ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸ್ನೇಹ ನಿಜವಾಗಿದ್ದರಿಂದಲೇ ಚಟಾಕಿ ಅಷ್ಟು ಸಲೀಸಾಗಿ ಬಂತು. ಸರ್ಕಾರಕ್ಕೆ ಬರೆದ ವರದಿಯಲ್ಲಿ ಈ ‘ಮೋಜು’ ಇರುವುದಿಲ್ಲ.

ಇದೇ ವೆಲ್ಲೆಸ್ಲಿಯ ಇನ್ನೊಂದು ಮುಖ ಗರ್‌ವುಡ್ ಹಾಕಿದ ಒಂದು ಅಡಿಟಿಪ್ಪಣಿಯಲ್ಲಿದೆ. ಧೋಂಡಿಯನ ಸರಂಜಾಮಿನ ನಡುವೆ ಒಂದು ನಾಲ್ಕು ವರ್ಷದ ಗಂಡು ಮಗು ಸಿಕ್ಕಿತು. ಸಲಾಬತ್ ಖಾನ್ ಎಂದು ಹೆಸರು, ಮಗನೋ, ಸಾಕುಮಗನೋ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ತರಿಸಿಕೊಂಡು ನೋಡಿಕೊಂಡ. 1805ರಲ್ಲಿ ದೇಶ ಬಿಡುವಾಗ ಅವನ ಹೆಸರಿಗೆ ಕೆಲವು ನೂರು ಪೌಂಡು ಇಟ್ಟು, ಶ್ರೀರಂಗಪಟ್ಟಣದ ಅಧಿಕಾರಿಯೊಬ್ಬನಿಗೆ ಒಪ್ಪಿಸಿ ಹೋದ. ಆಮೇಲೆ ಮೈಸೂರಿನ ರೆಸಿಡೆಂಟ್ ಆರ್ಥರ್ ಕೋಲ್ ನೋಡಿಕೊಂಡು, ಮಹಾರಾಜರ ಚಾಕರಿಗೆ ಸೇರಿಸಿದ. ಹುಡುಗ ರೂಪವಂತ, ಬುದ್ಧಿವಂತನಾಗಿ ಬೆಳೆದು 1822ರಲ್ಲಿ ಕಾಲರಾಕ್ಕೆ ಬಲಿಯಾದ. ಕೊಂದವನೇ ಸಾಕಿದ. ಇದು ಕರುಣೆಯೇ, ಸಂಶಯವಿಲ್ಲ. ಆದರೆ ನಾನು ತಾಯಿಯಾದವಳು, ಆ ಟಿಪ್ಪಣಿಯಲ್ಲಿ ಇನ್ನೊಬ್ಬಳನ್ನು ಹುಡುಕುತ್ತೇನೆ. ನಾಲ್ಕು ವರ್ಷದ ಮಗುವನ್ನು ದಂಡಿನ ಜೊತೆ ಸಾಕಿ ತಂದವಳು ಒಬ್ಬಳಿರಬೇಕಲ್ಲ. ಅವಳ ಮಾತಿಲ್ಲ. ಆನೆ, ಒಂಟೆ, ಎತ್ತು, ಕುದುರೆಗಳ ಆಮೇಲಿನ ಸಾಲಿನಲ್ಲಿ ಅವಳಂಥವರು ಇದ್ದರು.

ಮನ್ರೋ ಕೊನೆಯವರೆಗೂ ಹಾಗೆಯೇ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಬಳ್ಳಾರಿ ಸೀಮೆಯಲ್ಲಿ 1800ರ ಕೊನೆಯಿಂದ 1807ರವರೆಗೆ ಡೇರೆ ಹಾಕಿಕೊಂಡು ಊರೂರು ಅಲೆದ. ರೈತವಾರಿ ಪದ್ಧತಿಗೆ ಅವನ ಹೆಸರು ಅಂಟಿಕೊಂಡದ್ದು ಅಲ್ಲಿ. 1817ರಲ್ಲಿ ಗವರ್ನರ್ ಜನರಲ್ಲನಿಗೆ ಬರೆದ ಕಾಗದದಲ್ಲಿ, ನಮ್ಮ ಆಳ್ವಿಕೆಯಿಂದ ಈ ಜನ ಮೇಲೇರುವ ಬದಲು ಕುಗ್ಗಿಹೋಗುತ್ತಾರೆ, ಹೊಣೆಯ ಕೆಲಸ ಅವರಿಗೆ ಸಿಗುವುದಿಲ್ಲ ಎಂದು ಬಿಚ್ಚಿ ಹೇಳಿದ. ಹದಿನೇಳು ವರ್ಷದ ಹಿಂದೆ ಸ್ನೇಹಿತ ಹೇಳಿದಾಗ ಒಪ್ಪದಿದ್ದ ಮಾತಿನ ಹತ್ತಿರವೇ ಬಂದ. ಆದರೆ ಮನುಷ್ಯ ಎಷ್ಟು ವಿಚಿತ್ರ! ಅದೇ 1817, 18ರಲ್ಲಿ ಧಾರವಾಡ, ಬಾದಾಮಿ, ಬೆಳಗಾವಿಯ ಸೀಮೆಯನ್ನು ಕಂಪನಿಗೆ ಗೆದ್ದುಕೊಟ್ಟವನೂ ಇವನೇ. ಕಾಗದದಲ್ಲಿ ವಾದವಾಗಿದ್ದ ನಾಡು ಅವನ ಕೈಯಿಂದಲೇ ಹೋಯಿತು.

ಈ ಕಾಗದಗಳನ್ನು ಯಾರಾದರೂ ಕನ್ನಡಕ್ಕೆ ತಂದರೆ ನಾನು ಸಂತೋಷಪಡುತ್ತೇನೆ. ನಮ್ಮ ಸೀಮೆಯ ಬಗ್ಗೆ ಆ ವರ್ಷಗಳಲ್ಲಿ ಇಷ್ಟು ಹತ್ತಿರದಿಂದ ಬರೆದ ಪುಟಗಳು ವಿರಳ. 1801ರಲ್ಲಿ ಹರಿಹರ, ದಾವಣಗೆರೆಗಳ ಮೇಲೆ ಹಾದುಹೋದ ಬುಕಾನನ್ನನ ಪ್ರವಾಸಕಥನದ ಜೊತೆಗಿಟ್ಟು ಓದಬಹುದು. ಆದರೆ ಅನುವಾದ ಮಾಡುವವರಲ್ಲಿ ನನ್ನದೊಂದು ಕೋರಿಕೆ. ವಿಷಯವಾರು ವಿಂಗಡಿಸಿ, ಆಡಳಿತದ ಕಾಗದ ಒಂದು ಕಡೆ, ಯುದ್ಧದ ಕಾಗದ ಒಂದು ಕಡೆ ಮಾಡಬೇಡಿ. ಆಗಸ್ಟ್ 1, ಆಗಸ್ಟ್ 20, ಸೆಪ್ಟೆಂಬರ್ 11 ಈ ಮೂರನ್ನೂ ತಾರೀಖಿನ ಕ್ರಮದಲ್ಲಿ ಒಂದರ ಬೆನ್ನಿಗೆ ಒಂದು ಹಾಕಿ. ಮನ್ರೋನ ಹಾಸ್ಯವನ್ನು ಗಂಭೀರ ಮಾಡಬೇಡಿ, ಓದುವವರು ಮೊದಲು ನಗಲಿ. ಮಲಪ್ರಭೆಯ ಕಾಗದದ ಆ ಒಂದು ಪದಕ್ಕೆ ‘ಮನರಂಜನೆ’ ಎಂಬ ಸಂಸ್ಕೃತದ ಮುಸುಕು ಹಾಕದೆ ‘ಮೋಜು’ ಎಂದೇ ಬರೆಯಿರಿ. ಸಲಾಬತ್ ಖಾನನ ಟಿಪ್ಪಣಿಯನ್ನು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬಿಡದೆ, ಕಾಗದಗಳಷ್ಟೇ ದೊಡ್ಡ ಅಕ್ಷರದಲ್ಲಿ, ಅದಕ್ಕೆಂದೇ ಒಂದು ಪುಟ ಕೊಟ್ಟು ಅಚ್ಚು ಹಾಕಿ.